ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಕಥೆಗಳು

"ಇದ್ರಾಗ ನಮ್ಮ ಆಯಿ ಅದಾಳ್ರಿ. ಜ್ವಾಕಿ!"

ಕೌದಿಯಲ್ಲಿ ಸುತ್ತಿದ ಡಬ್ಬಿಯನ್ನು ಮೇಜಿನ ಮೇಲಿಟ್ಟು ಶಿವಬಸಮ್ಮ ಹೀಗೆಂದಾಗ, ಶಹಾಪುರದ ಕಂಪ್ಯೂಟರ್ ರಿಪೇರಿ ಅಂಗಡಿಯ ಅಮರಪ್ಪ ಹೌಹಾರಿ ಹಿಂದೆ ಸರಿದ.

ಕೆಂಭಾವಿಯಿಂದ ಬಸ್ಸಿನಲ್ಲಿ ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ತಂದಿದ್ದಳು ಮನೆಯ ಕಂಪ್ಯೂಟರನ್ನು. ಅವಳು ಅಂಗನವಾಡಿ ಟೀಚರ್. ಅಜ್ಜಿ ಅಂಬವ್ವ, ಅಂದರೆ ಮನೆಮಂದಿಗೆಲ್ಲ ಆಯಿ, ಹೇಳಿದ ಕಥೆಗಳನ್ನೆಲ್ಲ ಅದರಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಈಗ ಅದು ಚಾಲೂ ಆಗುತ್ತಿಲ್ಲ. ಮತ್ತೊಮ್ಮೆ ಹೇಳಿಸೋಣವೆಂದರೆ ಆಯಿಯ ಹಲ್ಲೆಲ್ಲ ಉದುರಿವೆ. ಈಗಿನ ಕಥೆಯಲ್ಲಿ ರಾಜಕುಮಾರನೂ ಗಾಳಿ, ರಾಕ್ಷಸನೂ ಗಾಳಿ!

ಇನ್ನೊಂದು ಕಾಪಿ ಇದೆಯೇ ಎಂದು ಅಮರಪ್ಪ ಕೇಳಿದ. ಶಿವಬಸಮ್ಮ ಹೆಮ್ಮೆಯಿಂದ ಪೆನ್‌ಡ್ರೈವ್ ಕೊಟ್ಟಳು. ಅವನು ತೆರೆದು ನೋಡಿ ತುಟಿ ಕಚ್ಚಿಕೊಂಡ. ಅದರಲ್ಲಿ ಕಥೆಗಳಿರಲಿಲ್ಲ, ಕಥೆಗಳಿಗೆ ದಾರಿ ತೋರಿಸುವ ಶಾರ್ಟ್‌ಕಟ್ ಮಾತ್ರ ಇತ್ತು. ಮನೆ ಬಿಟ್ಟು ಮನೆಯ ವಿಳಾಸವನ್ನಷ್ಟೇ ತಂದಿದ್ದಳು.

ಅವನು ನಕ್ಕೇಬಿಟ್ಟ. ಅವಳ ಮೂಗು ಕೆಂಪಾಯಿತು.

'ನಗೋದು ನೋಡು... ಹಲ್ಲು ಚಂದ ಅದಾವಂತ ತೋರ್ಸಾಕತ್ತಾನ!'

ಚಂದವೇ ಇದ್ದವು. ಅವಳ ಸಿಟ್ಟಿಗೆ ಅದೂ ಒಂದು ಕಾರಣ.

ಸಂಜೆಯ ಹೊತ್ತಿಗೆ ಅವನು ಕಂಪ್ಯೂಟರ್ ಸರಿಮಾಡಿ ಕಥೆಗಳನ್ನು ಉಳಿಸಿಕೊಟ್ಟ. ಬುದ್ಧಿಯನ್ನೂ ಹೇಳಿದ: ಒಂದು ಕಾಪಿ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಮತ್ತೊಂದು ಬೇರೆಯವರ ಮನೆಯಲ್ಲಿ ಇರಬೇಕು. ಆಗಾಗ ತೆರೆದು ಕೇಳಿ ನೋಡಬೇಕು.

"ಬ್ಯಾರೆ ಮನಿ ಅಂದ್ರ ಯಾರ ಮನಿ?"

"ನಿಮಗ ನಂಬಿಕಿ ಇದ್ದೋರ ಮನಿ," ಎಂದ ಅವನು, ಕಣ್ಣು ಮೇಲೆತ್ತದೆ.

ಅವಳು ಮೂರನೆಯ ಕಾಪಿಯನ್ನು ಅವನ ಮುಂದೆಯೇ ಬಿಟ್ಟು ಬಸ್ ಹತ್ತಿದಳು. ಕಿಟಕಿಯಾಚೆ ಕಾಲುವೆ ಜೊತೆಜೊತೆಗೇ ಬರುತ್ತಿತ್ತು. ಆ ನಗುವೂ ಬರುತ್ತಿತ್ತು.

ಮನೆಯಲ್ಲಿ ಆಯಿಗೆ ತಿಳಿಯುವ ಹಾಗೆ ವಿವರಿಸಿದಳು: ಇದು ಬಿತ್ತನೆ ಜೋಳ ಇದ್ದಂತೆ, ಎಲ್ಲವನ್ನೂ ಒಂದೇ ಕಡೆ ಇಡಬಾರದು, ಕೆಟ್ಟಿಲ್ಲವೇ ಎಂದು ನೋಡುತ್ತಿರಬೇಕು. ಆಯಿ ತಲೆಯಾಡಿಸಿದಳು. ಬೀಜದ ವಿಷಯ ಆಯಿಗೆ ಯಾರು ಕಲಿಸಬೇಕು?

ಮುಂಗಾರಿನ ಮೊದಲ ಸಿಡಿಲಿಗೆ ಕಂಪ್ಯೂಟರ್ ಸುಟ್ಟುಹೋಯಿತು. ಶಿವಬಸಮ್ಮ ಎದೆಗುಂದಲಿಲ್ಲ. ಆಯಿ ಪೆನ್‌ಡ್ರೈವ್ ಇಟ್ಟಿದ್ದ ಬೀಜದ ಗಡಿಗೆಗೆ ಕೈ ಹಾಕಿದಳು. ಬೂದಿ ಬಂತು, ಬೇವಿನೆಲೆ ಬಂತು, ಪೆನ್‌ಡ್ರೈವ್ ಬರಲಿಲ್ಲ. ಅದು ಒಲೆಯ ಪಕ್ಕ, ಹಿಡಿ ಜೋಳದ ಜೊತೆ, ಒದ್ದೆ ಬಟ್ಟೆಯಲ್ಲಿ ಗಂಟಾಗಿ ಕೂತಿತ್ತು.

"ಮೊಳಕಿ ಬರ್ತದೇನು ನೋಡಾಕ ಇಟ್ಟೀನವ್ವ," ಎಂದಳು ಆಯಿ. "ಜ್ವಾಳ ಮೊಳತಾದ. ಇದು ಜೊಳ್ಳದ."

ಅಳಬೇಕೋ ನಗಬೇಕೋ ತಿಳಿಯದೆ ಅವಳು ಶಹಾಪುರಕ್ಕೆ ಓಡಿದಳು. ಅಂಗಡಿಗೆ ಬೀಗ! ಪಕ್ಕದಲ್ಲಿ ಬಳೆ ಮಾರುವ ಮುನ್ನಿಬೀ, ಅಮರಪ್ಪ ತಾಯಿಯನ್ನು ಕರೆದುಕೊಂಡು ಹೆಣ್ಣು ನೋಡಲು ಹೋಗಿದ್ದಾನೆಂದಳು.

ಕಥೆಗಳ ಚಿಂತೆ ಹೊತ್ತು ಬಂದವಳಿಗೆ ಈಗ ಕಥೆಗಳ ನೆನಪೇ ಇಲ್ಲ!

'ನಂಬಿಕಿ ಇದ್ದೋರ ಮನಿ ಅಂತ... ನಂಬಿದ್ದು ನಂದೇ ತಪ್ಪು.'

ಬಸ್ಸಿನ ಕಿಟಕಿಗೆ ಮುಖ ಮಾಡಿ ಕೆಂಭಾವಿಯವರೆಗೂ ಅತ್ತಳು.

ಮನೆ ಹೊಕ್ಕರೆ, ಹಲ್ಲಿದ್ದ ಕಾಲದ ಆಯಿಯ ದನಿ! ಪಡಸಾಲೆಯಲ್ಲಿ ಅಮರಪ್ಪ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಅವನ ತಾಯಿ ಬಸ್ಸಮ್ಮ ಆಯಿಯ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದಳು.

ಕಾಪಿ ಕೆಟ್ಟಿಲ್ಲವೇ ಎಂದು ನೋಡಲು ಅವನು ದಿನಾ ಸಂಜೆ ಮನೆಯಲ್ಲಿ ಕಥೆ ಹಚ್ಚುತ್ತಿದ್ದನಂತೆ. ಬಸ್ಸಮ್ಮನಿಗೆ ಕಥೆಗಿಂತ, ನಡುನಡುವೆ ತಪ್ಪದೆ "ಹೂಂ" ಎನ್ನುವ ಹುಡುಗಿಯ ದನಿ ಹಿಡಿಸಿಬಿಟ್ಟಿತ್ತು. ಮುದುಕಿಯ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳುವವಳೇ ಸೊಸೆಯಾಗಬೇಕೆಂದು ಹಟ ಹಿಡಿದು ಬಂದಿದ್ದಳು.

"ಬೀಜ ಬೀಗರ ಮನ್ಯಾಗ ಇಟ್ರ ಕೆಡಂಗಿಲ್ಲ," ಎಂದಳು ಆಯಿ. ಅರ್ಧ ಗಾಳಿಯೇ ಆದರೂ ಎಲ್ಲರಿಗೂ ತಿಳಿಯಿತು.

ಶಿವಬಸಮ್ಮ ಅಂಗಳಕ್ಕೆ ಓಡಿದಳು. ಅಮರಪ್ಪ ಹಿಂದೆಯೇ ಬಂದ.

"ಹೆಣ್ಣು ಒಪ್ಪಿಗಿ ಆತೇನ್ರಿ?" ಎಂದಳು ತಿರುಗಿ ನೋಡದೆ.

"ನಿಮ್ಮ ಮೂಗು ಕೆಂಪಾದ ದಿನಾನೇ ಆಗಿತ್ತು," ಎಂದ ಅವನು. "ಆದ್ರ ಒಂದು ತೊಂದ್ರಿ ಅದ. ಮದುವಿ ಆದ್ರ ನಮ್ಮನಿನೂ ನಿಮ್ಮನಿನೇ. ಬ್ಯಾರೆ ಮನ್ಯಾಗ ಇಡೋ ಕಾಪಿ ಎಲ್ಲಿಡೂಣು?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಆಯಿ ಹಂತ್ಯಾಕ ಇಡೂಣು. ನೀರ ಹಚ್ಚಬ್ಯಾಡಂತ ನೀವೇ ಹೇಳ್ರಿ... ನನ್ನ ಮಾತು ಕೇಳಂಗಿಲ್ಲ."