ಮೂರು ಸಲ ಸೋಸಿದ ಗಂಜಿ

ನವಿಲುಗಳು ಇನ್ನೂ ಮಾತನಾಡುತ್ತಿದ್ದ ಕಾಲದಲ್ಲಿ ನವಿಲುದುರ್ಗವೆಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಅಡುಗೆಮನೆ ಏಳು ತಲೆಮಾರುಗಳಿಂದ ಒಂದೇ ಮನೆತನದ ಕೈಯಲ್ಲಿತ್ತು. ಆ ಮನೆತನದವರು ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ತಗ್ಗಿಸಬೇಕಾದಂಥ ಕೆಲಸ ಮಾಡಿದವರೂ ಅಲ್ಲ. ಮೊದಲನೆಯವಳು ಮುತ್ತಿಗೆಯ ಕಾಲದಲ್ಲಿ ಹುಣಸೆಯ ಚಿಗುರು ಬೇಯಿಸಿ ಹಾಕಿ ಸೈನ್ಯವನ್ನೇ ಉಳಿಸಿದಳು. ಮೂರನೆಯವಳಿಗೆ ಆಗಿನ ಮಹಾರಾಜರು ಬೆಳ್ಳಿಯ ಜರಡಿ ಕೊಟ್ಟು, ಅರಮನೆಯ ಮುಂಬಾಗಿಲಿನಿಂದಲೇ ಬಂದುಹೋಗುವ ಮರ್ಯಾದೆ ಕೊಟ್ಟರು. ಏಳು ತಲೆಮಾರುಗಳಲ್ಲಿ ಅವರ ಅನ್ನದಲ್ಲಿ ಒಂದು ಕಲ್ಲೂ ಸಿಕ್ಕಿದ್ದಿಲ್ಲ.

ಏಳನೆಯವಳು ಚೆನ್ನಾಜಮ್ಮ. ಅಕ್ಕಿಯನ್ನು ಅವಳು ಹಗಲಿನ ಬೆಳಕಿನಲ್ಲೇ ಆರಿಸುತ್ತಿದ್ದಳು. ಕೈ ತೊಳೆಯದೆ ಪಾತ್ರೆ ಮುಟ್ಟಿದವರು ರಾಣಿಯೇ ಆದರೂ ಹೊಸ್ತಿಲಾಚೆ ನಿಲ್ಲಿಸುತ್ತಿದ್ದಳು.

ಒಂದು ಯುಗಾದಿಯ ದಿನ ಧೀರಸೇನ ಮಹಾರಾಜ ಊಟಕ್ಕೆ ಕುಳಿತ. ದೂರದೇಶದ ಅತಿಥಿಯೊಬ್ಬ ಪಕ್ಕದಲ್ಲಿದ್ದ. ಅವನು ಒಂದು ಡಬ್ಬಿ ಕರಿಯ ಉಪ್ಪನ್ನು ಉಡುಗೊರೆಯಾಗಿ ತಂದಿದ್ದ. ಎಲೆಗೆ ಮೊದಲು ಬೀಳುವುದು ಉಪ್ಪು. ಅದೂ ಚೆನ್ನಾಜಮ್ಮನ ಜರಡಿ ದಾಟಿಯೇ ಬರಬೇಕೆಂಬುದು ಕಟ್ಟಳೆ. ಆದರೆ ಮಂತ್ರಿ ಶೇಷಪ್ಪಯ್ಯ, "ಇಂಥ ದೊಡ್ಡವರ ಉಡುಗೊರೆಯನ್ನು ಜರಡಿಗೆ ಹಾಕುವುದುಂಟೇ?" ಎಂದು ತನ್ನ ಕೈಯಾರೆ ರಾಜನ ಎಲೆಯ ತುದಿಗೆ ಉಪ್ಪು ಬಡಿಸಿದ. ಚೆನ್ನಾಜಮ್ಮ ಒಳಗೆ ಒಲೆಯ ಮುಂದಿದ್ದಳು.

ಆ ಉಪ್ಪು ಬೆರೆಸಿದ ಮೊದಲ ತುತ್ತಿಗೇ ರಾಜನ ಬಾಯಲ್ಲಿ ಕಟಕ್ ಎಂದಿತು. ಮೂವತ್ತೆರಡು ಹಲ್ಲುಗಳೂ ಬಿಳಿಯ ಗುಬ್ಬಿಗಳಾಗಿ ಕಿಟಕಿಯಿಂದ ಹಾರಿಹೋದವು.

ಅತಿಥಿ ನಗುತ್ತಾ ಎದ್ದು ನಿಂತ. ಅವನ ತಲೆ ತೊಲೆಗೆ ತಾಗಿತು. ಅವನು ಕಟಕಟನೆಂಬ ಮಾಂತ್ರಿಕ.

"ಹುಣ್ಣಿಮೆಯ ಬೆಳಿಗ್ಗೆ ರಾಜನು ಪಟ್ಟದ ಕತ್ತಿ ಎತ್ತಬೇಕು. ಎತ್ತಲಾರದವನ ಸಿಂಹಾಸನ ಕೇಳಿದವನ ಪಾಲು. ಇದು ನಿಮ್ಮದೇ ಪದ್ಧತಿ. ನಾನು ಕೇಳುತ್ತಿದ್ದೇನೆ," ಎಂದು ಸಭಾಂಗಣಕ್ಕೆ ಹೋಗಿ ನಡುವೆ ಬಂಡೆಯಂತೆ ಕುಳಿತುಬಿಟ್ಟ. ಅವನ ಮೇಲೆ ಬೀಸಿದ ಕತ್ತಿಗಳೆಲ್ಲ ಮುರಿದವು.

ಶೇಷಪ್ಪಯ್ಯ ತುಂಬಿದ ಸಭೆಯಲ್ಲಿ ಚೆನ್ನಾಜಮ್ಮನನ್ನು ಕರೆಸಿದ. "ಅನ್ನದಲ್ಲಿ ಕಲ್ಲು! ಮಾಂತ್ರಿಕನಿಗೆ ದಾರಿ ಮಾಡಿಕೊಟ್ಟದ್ದೇ ಆ ಕಲ್ಲು. ಏಳು ತಲೆಮಾರಂತೆ, ಬೆಳ್ಳಿಯ ಜರಡಿಯಂತೆ! ಇಡು ಅದನ್ನು ಇಲ್ಲಿ. ಹಿಂಬಾಗಿಲಿನಿಂದ ನಡೆ."

"ನನ್ನ ಅನ್ನದಲ್ಲಿ ಕಲ್ಲಿರಲಿಲ್ಲ," ಎಂದಳು ಚೆನ್ನಾಜಮ್ಮ. ಜರಡಿಯನ್ನು ಕೆಳಗಿಟ್ಟು, ಮುಂಬಾಗಿಲಿನಿಂದಲೇ ನಡೆದುಹೋದಳು.

ಹೊಸ ಅಡುಗೆಯವರು ಅನ್ನ, ಪಲ್ಯ, ಹೋಳಿಗೆ ಎಲ್ಲವನ್ನೂ ಒಟ್ಟಿಗೆ ಅರೆದು ಒಂದೇ ಬಟ್ಟಲಿಗೆ ಸುರಿದರು. ರಾಜ ಒಂದು ಚಮಚ ಬಾಯಿಗಿಟ್ಟುಕೊಂಡು, "ಬೂದಿ," ಎಂದು ತುಟಿ ಮುಚ್ಚಿದ. ನಾಲ್ಕನೆಯ ದಿನ ಅವನಿಗೆ ತನ್ನ ಶಾಲನ್ನು ಎತ್ತಿಕೊಳ್ಳಲೂ ಆಗಲಿಲ್ಲ. ರಾಣಿ ಸೋಮಲೆ ಬರಿಗಾಲಿನಲ್ಲಿ ಚೆನ್ನಾಜಮ್ಮನ ಮನೆಗೆ ಬಂದಳು.

"ಬಾರಮ್ಮ. ಅವರು ನನ್ನ ಕಣ್ಣೆದುರೇ ಕರಗುತ್ತಿದ್ದಾರೆ."

"ಬರುತ್ತೇನೆ. ಹಸಿದ ಬಾಯಿ ಮೊದಲು. ನನಗಾದ ಅವಮಾನದ ವಿಚಾರ ಆಮೇಲೆ."

ಅಡುಗೆಮನೆಗೆ ಬಂದವಳೇ ಆ ಬೂದುಬಣ್ಣದ ಬಟ್ಟಲನ್ನು ಮೂಸಿ ನೋಡಿದಳು. "ಯಾರು ಮಾಡಿದ್ದು ಇದನ್ನು? ಹಲ್ಲು ಹೋದರೆ ನಾಲಗೆಯೂ ಹೋಯಿತೆಂದುಕೊಂಡಿರಾ?"

ಹೊಸ ಅಡುಗೆಯವರು ಒಲೆ ಬಿಟ್ಟು ಹಿಂದೆ ಸರಿದರು.

ಅವಳು ಮೊಳಕೆ ಬರಿಸಿದ ರಾಗಿಯನ್ನು ರುಬ್ಬಿ, ಹಾಲು ತೆಗೆದು, ಬೆಲ್ಲ ಹಾಕಿ ಮಣ್ಣಿ ಕಾಯಿಸಿದಳು. ಹೆಸರುಬೇಳೆಯನ್ನು ಕರಗುವಂತೆ ಬೇಯಿಸಿ ಕಟ್ಟು ಬಸಿದಳು. ಸಿಹಿಗುಂಬಳವನ್ನು ಬೆಣ್ಣೆಯಂತೆ ಮಸೆದಳು. ನೆನೆಸಿ ಸಿಪ್ಪೆ ಸುಲಿದ ಬಾದಾಮಿಯನ್ನು ಹಾಲಿನಲ್ಲಿ ಅರೆದಳು. ತುಪ್ಪದಲ್ಲಿ ಜೀರಿಗೆಯ ಒಗ್ಗರಣೆ ಹಾಕಿ, ಕಾಳನ್ನು ಸೋಸಿ ತೆಗೆದು, ಪರಿಮಳವನ್ನು ಮಾತ್ರ ಉಳಿಸಿಕೊಂಡಳು. ಹಳದಿ ಹಳದಿಯಾಗಿ, ಬಿಳಿ ಬಿಳಿಯಾಗಿ, ಬೇರೆ ಬೇರೆ ಬಟ್ಟಲುಗಳಲ್ಲಿಟ್ಟಳು. ರಾಜನ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದಳು. ಸಣ್ಣ ಚಮಚ, ಉಗುರುಬೆಚ್ಚಗೆ, ದಿನಕ್ಕೆ ಎಂಟು ಸಲ. ಒಂದು ಗುಟುಕು ಇಳಿದ ಮೇಲೆಯೇ ಇನ್ನೊಂದು.

ಎಲ್ಲವನ್ನೂ ಹಳೆಯ ಮೆತ್ತನೆಯ ಪಂಚೆಯ ಬಟ್ಟೆಯಲ್ಲಿ ಮೂರು ಸಲ ಸೋಸುತ್ತಿದ್ದಳು. ರುಬ್ಬಿದ ಮೇಲೆ ಒಂದು ಸಲ, ಬೇಯಿಸಿದ ಮೇಲೆ ಒಂದು ಸಲ, ಹಾಸಿಗೆಯ ಪಕ್ಕದಲ್ಲಿ ಕೊನೆಯ ಸಲ.

ರಾಜನ ಕೆನ್ನೆಗೆ ಬಣ್ಣ ಬಂತು. ಅದನ್ನು ಕೇಳಿ ಮಾಂತ್ರಿಕ ತನ್ನ ಪ್ರಾಣಿಗಳನ್ನು ಕಳಿಸಿದ.

ಮೊದಲು ತಾಮ್ರದ ಬಾಲದ ಬೆಕ್ಕು ಬಂತು. ಚೆನ್ನಾಜಮ್ಮ ರಾಗಿ ರುಬ್ಬುತ್ತಿದ್ದಳು. "ಅಕ್ಕಾ, ರಾಜ ಹಸಿದಿದ್ದಾನೆ. ಇಷ್ಟು ನುಣ್ಣಗಿರುವುದನ್ನು ಸೋಸುವುದೇಕೆ?" ಎಂದಿತು.

"ಅವಸರದ ಅಡುಗೆ ನಮ್ಮ ಮನೆತನದಲ್ಲಿಲ್ಲ," ಎಂದು ಚೆನ್ನಾಜಮ್ಮ ಸೋಸಿದಳು. ಬಟ್ಟೆಯಲ್ಲಿ ಬೆಕ್ಕಿನ ಉಗುರು ಉಳಿಯಿತು. ಬೆಕ್ಕು ಹೊಗೆಯಾಗಿ ಹೋಯಿತು.

ಐದು ದಿನ ಕಳೆದು ಮೂರು ಕಣ್ಣಿನ ಕೋತಿ ಬಂತು. ಬೇಳೆಯ ಕಟ್ಟು ಆಗಷ್ಟೇ ಇಳಿದಿತ್ತು. "ಅಜ್ಜೀ, ಒಂದು ಸಲ ಸೋಸಿದೆಯಲ್ಲ! ಕೈನೋವು ಬರುವುದಿಲ್ಲವೇ ನಿನಗೆ?"

"ಅಜ್ಜಿ ಎನ್ನಬೇಡ. ಅವಸರದ ಅಡುಗೆ ನಮ್ಮ ಮನೆತನದಲ್ಲಿಲ್ಲ." ಸೋಸಿದಳು. ಬಟ್ಟೆಯಲ್ಲಿ ಜಾಲಿಯ ಮುಳ್ಳು ಉಳಿಯಿತು. ಕೋತಿ ಬೂದಿಯಾಗಿ ಉದುರಿತು.

ಹುಣ್ಣಿಮೆಯ ಬೆಳಿಗ್ಗೆ ರಾಜನ ಕೋಣೆಗೆ ಚಿನ್ನದ ನವಿಲು ಬಂತು. ಹೊರಗೆ ಕಹಳೆ ಮೊಳಗುತ್ತಿತ್ತು. ಶೇಷಪ್ಪಯ್ಯ ಬಾಗಿಲಲ್ಲಿ ನಿಂತು, "ಬೇಗ! ಬೇಗ!" ಎನ್ನುತ್ತಿದ್ದ. ನವಿಲು ಬಟ್ಟಲಿನ ಮೇಲೆ ಗರಿ ಬಿಚ್ಚಿ, "ತಾಯೀ, ಎರಡು ಸಲ ಸೋಸಿದ್ದಾಯಿತು. ಹೊತ್ತು ಮೀರುತ್ತಿದೆ. ರಾಜ್ಯ ಹೋದ ಮೇಲೆ ಸೋಸಿ ಏನು ಫಲ?" ಎಂದಿತು.

ಚೆನ್ನಾಜಮ್ಮನ ಕೈ ಒಂದು ಕ್ಷಣ ತಡೆದು ನಿಂತಿತು. ರಾಜ ಅವಳನ್ನೇ ನೋಡುತ್ತಿದ್ದ.

"ಅವಸರದ ಅಡುಗೆ ನಮ್ಮ ಮನೆತನದಲ್ಲಿಲ್ಲ," ಎಂದು ಅವಳು ಬಟ್ಟೆ ಹಿಡಿದು ಮೂರನೆಯ ಸಲ ಸೋಸಿದಳು. ಬಟ್ಟೆಯಲ್ಲಿ ಒಂದು ಕರಿಯ ಹರಳು ಉಳಿಯಿತು. ನವಿಲು ಬರಿಯ ಗರಿಗಳ ರಾಶಿಯಾಯಿತು.

"ನೋಡಿದಿರಾ! ಮತ್ತೆ ಕಲ್ಲು!" ಎಂದು ಶೇಷಪ್ಪಯ್ಯ ಕೂಗಿದ. "ಅಂದು ಮಹಾರಾಜರ ಬಾಯಲ್ಲಿ ಸಿಕ್ಕಿದ್ದೂ ಇಂಥದೇ!"

"ಸರಿ. ಕಲ್ಲೋ ಅಲ್ಲವೋ ಸಭೆಯಲ್ಲೇ ನೋಡೋಣ. ಒಂದು ತಪ್ಪಲೆ ನೀರು ಕುದಿಸಿ ಅಲ್ಲಿಗೆ ತರಲು ಹೇಳಿ," ಎಂದು ಚೆನ್ನಾಜಮ್ಮ ಹರಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿದಳು. ಆಮೇಲೆ ರಾಜನಿಗೆ ಪೂರ್ತಿ ಬಟ್ಟಲು ಉಣ್ಣಿಸಿದಳು, ಒಂದೊಂದೇ ಚಮಚ. ಕಹಳೆ ಮೊಳಗುತ್ತಲೇ ಇತ್ತು.

ರಾಜ ಯಾರ ಹೆಗಲನ್ನೂ ಹಿಡಿಯದೆ ಸಭೆಗೆ ನಡೆದ. ಎರಡೂ ಕೈಗಳಿಂದ ಪಟ್ಟದ ಕತ್ತಿಯನ್ನು ಹಿಡಿದ. ಅದು ಮೊಣಕಾಲಿನವರೆಗೆ ಬಂತು. ಎದೆಯವರೆಗೆ ಬಂತು. ತಲೆಯ ಮೇಲೆ ಹೋಗಿ ನಿಂತಿತು.

ಸಭೆ ಜಯಘೋಷ ಮಾಡಿತು. ಕಟಕಟ ಮಾತ್ರ, "ಬೊಚ್ಚುಬಾಯಿಗೆ ಸಿಂಹಾಸನವೇ? ಕೇಳಿದರೆ ಕೊಡಲಿಲ್ಲ, ಈಗ ಕಿತ್ತುಕೊಳ್ಳುತ್ತೇನೆ!" ಎಂದು ಮುಂದೆ ಬಂದ.

ಚೆನ್ನಾಜಮ್ಮ ಗಂಟು ಬಿಚ್ಚಿ, ಕರಿಯ ಹರಳನ್ನು ಕುದಿಯುವ ತಪ್ಪಲೆಗೆ ಹಾಕಿದಳು.

ಹರಳು ಕರಗಿತು. ಅದರೊಂದಿಗೆ ಮಾಂತ್ರಿಕನ ಪಾದ ಕರಗಿತು, ಸೊಂಟ ಕರಗಿತು, ಕೂಗು ಕರಗಿತು. ಅವನ ಪ್ರಾಣ ಇದ್ದದ್ದು ಆ ಹರಳಿನಲ್ಲಿ. ನೆಲದ ಮೇಲೆ ಉಪ್ಪುನೀರು ಮಾತ್ರ ಉಳಿಯಿತು.

ಆಗ ಮೂವತ್ತೆರಡು ಬಿಳಿಯ ಗುಬ್ಬಿಗಳು ಕಿಟಕಿಯಿಂದ ಬಂದು, ರಾಜನ ಬಾಯಲ್ಲಿ ತಮ್ಮ ತಮ್ಮ ಜಾಗದಲ್ಲಿ ಕುಳಿತು ಹಲ್ಲುಗಳಾದವು. ರಾಜ ನಕ್ಕ. ರಾಣಿ ಅತ್ತಳು. ನವಿಲುದುರ್ಗದಲ್ಲಿ ಅಂದು ಒಲೆ ಹಚ್ಚದ ಮನೆಯಿರಲಿಲ್ಲ, ಸಿಹಿ ಉಣ್ಣದ ಬಾಯಿರಲಿಲ್ಲ. ಮುಂದೆ ಆ ನಾಡು ಬಹುಕಾಲ ಸುಖವಾಗಿತ್ತು. ಹಲ್ಲಿಲ್ಲದ ಮುದುಕರಿಗೂ, ಹಲ್ಲು ಬಾರದ ಕೂಸುಗಳಿಗೂ ಮೂರು ಸಲ ಸೋಸಿದ ಗಂಜಿ ಅರಮನೆಯಿಂದಲೇ ಹೋಗುತ್ತಿತ್ತು.

ಆದರೆ ಆ ಬೆಳಿಗ್ಗೆ ಸಭೆ ಇನ್ನೂ ಮುಗಿದಿರಲಿಲ್ಲ. ರಾಜ ಮುತ್ತಿನ ಹಾರ ತರಿಸಿದ. ಚೆನ್ನಾಜಮ್ಮ ಅದನ್ನು ಮುಟ್ಟಲಿಲ್ಲ.

"ಕಲ್ಲು ನೀರಿನಲ್ಲಿ ಕರಗುವುದಿಲ್ಲ. ಇದು ಕರಗಿತು. ಇದು ಉಪ್ಪು. ಅಂದು ಸಿಕ್ಕಿದ್ದೂ ಇಂಥದೇ ಎಂದು ಮಂತ್ರಿಗಳೇ ಹೇಳಿದರು. ಯುಗಾದಿಯ ದಿನ ಎಲೆಗೆ ಉಪ್ಪು ಬಡಿಸಿದವರು ಯಾರು?"

"ಮಂತ್ರಿಗಳು," ಎಂದಳು ರಾಣಿ.

ಶೇಷಪ್ಪಯ್ಯ ಬೆಳ್ಳಿಯ ಜರಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ. "ತಗೊಳ್ಳಿ ಅಮ್ಮ. ಆದದ್ದು ಆಗಿಹೋಯಿತು. ಹಾರವನ್ನೂ ತಗೊಳ್ಳಿ. ಇನ್ನೇನು ಬೇಕು ನಿಮಗೆ?"

ಚೆನ್ನಾಜಮ್ಮ ಜರಡಿ ತೆಗೆದುಕೊಂಡು, ಸೆರಗಿನಿಂದ ಅವನ ಬೆರಳಿನ ಗುರುತು ಒರೆಸಿದಳು.

"ನನ್ನ ಮನೆತನದ ಹೆಸರನ್ನು ತುಂಬಿದ ಸಭೆಯಲ್ಲಿ ಕೆಡಿಸಿದಿರಿ. ಸಭೆ ಈಗಲೂ ತುಂಬಿದೆ. ಕ್ಷಮೆ ಕೇಳಿ."