ಪರದೆಯ ಮೇಲಿನ ಕೆಂಪು

ಆ ದಿನ ಬೆಳಗ್ಗೆ ಬ್ಯಾಡಗಿಯ ಮೇಲೆ ದಟ್ಟ ಮಂಜು ಇಳಿದಿತ್ತು. ಜನವರಿಯ ಚಳಿ. ಒಂಬತ್ತು ಗಂಟೆಯಾದರೂ ಸೂರ್ಯನಾರಾಯಣ ಮುಖ ತೋರಿಸಿರಲಿಲ್ಲ. ಮಂಜಿನ ಜೊತೆ ಮೆಣಸಿನಕಾಯಿಯ ಘಾಟೂ ಸೇರಿ, ದಾರಿಯಲ್ಲಿ ಹೋಗುವವರೆಲ್ಲ ಸೆರಗು, ಟವೆಲು ಮೂಗಿಗೆ ಹಿಡಿದು ಕೆಮ್ಮುತ್ತ ಹೋಗುತ್ತಿದ್ದರು.

ಆ ಮಂಜಿನೊಳಗಿಂದ ಹೆಗಲಿಗೆ ಕರಿ ಚೀಲ ಹಾಕಿಕೊಂಡ ತರುಣನೊಬ್ಬ ಬಂದು ಗುತ್ತೆವ್ವನ ಮನೆಯ ಮಾಳಿಗೆ ಮೆಟ್ಟಿಲು ಹತ್ತಿದ. ಇನ್ನೂ ಎರಡು ಮೆಟ್ಟಿಲು ಉಳಿದಿದ್ದವು...

"ಅಲ್ಲೇ ನಿಂದರ್ರಿ!"

ಅವನು ಬೆಚ್ಚಿ ನಿಂತ. ಮೇಲೆ ಬಾಗಿಲಲ್ಲಿ ಪ್ರಿಯಾಂಕಾ, ಗುತ್ತೆವ್ವನ ಒಬ್ಬಳೇ ಮಗಳು. ಕಣ್ಣು ಕೆಂಪಾಗಿದ್ದವು. ಘಾಟಿಗೋ, ಅತ್ತಿದ್ದಕ್ಕೋ?

"ರಾಣೇಬೆನ್ನೂರಿನ ಸಿದ್ದಲಿಂಗೇಶ ಅಂದ್ರ ನೀವೇನು?"

"ಹೌದ್ರಿ ಅಕ್ಕಾರ. ಮುಂಜಾನೆ ನೀವ ಫೋನ್ ಮಾಡಿದ್ರಲ್ಲ..."

"ಯಾರ್ರಿ ಅಕ್ಕಾರ? ನಿಮಗಿಂತ ಸಣ್ಣಾಕಿ ಅದೇನಿ! ಹನ್ನೆರಡು ದಿನದ ಹಿಂದ ಬಂದು ನನ್ನ ಕಂಪ್ಯೂಟರಿಗೆ ಏನ್ ಮಾಡಿ ಹೋಗೀರಿ? ನನ್ನ ಗ್ರಾಫಿಕ್ಸ್ ಕಾರ್ಡ್ ತಗದು ಯಾವ ಹಾಳ ಕಾರ್ಡ್ ಹಾಕೀರಿ? ಹೇಳ್ರಿ!"

ಸಿದ್ದಲಿಂಗೇಶನ ಮುಖ ಬಿಳಿಚಿತು. ಹನ್ನೆರಡು ದಿನದ ಹಿಂದೆ ಅವನು ಬಂದಾಗ ಇವಳು ಅಗಡಿಯ ಮದುವೆಗೆ ಹೋಗಿದ್ದಳು. ಫೋನಿನಲ್ಲಿ ಎರಡು ಮಾತು ಆಡಿದ್ದು ಬಿಟ್ಟರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಇವತ್ತೇ. ಮೊದಲ ನೋಟವೇ ಹೀಗೆ!

ದೇವರು ಮನುಷ್ಯನಿಗೆ ಸಿಟ್ಟನ್ನು ಯಾಕೆ ಕೊಟ್ಟನೋ ಅವನೇ ಬಲ್ಲ. ಆದರೆ ಪ್ರಿಯಾಂಕಾಳ ಸಿಟ್ಟಿಗೆ ಕಾರಣವಿತ್ತು.

ಅವಳು ಹಾಲೇಶಪ್ಪನ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿಯ ಫೋಟೋ ತೆಗೆಯುವವಳು. ರೈತರು ತಂದು ಸುರಿದ ಕಾಯಿಯ ಫೋಟೋ ತೆಗೆದು, ಮನೆಗೆ ತಂದು, ಕಂಪ್ಯೂಟರಿನಲ್ಲಿ ಬಣ್ಣ ಸರಿಮಾಡಿ ದೂರದ ಖರೀದಿದಾರರಿಗೆ ಕಳಿಸಬೇಕು. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣದ್ದೇ ಬೆಲೆ. ಬಣ್ಣ ನೋಡಿಯೇ ಮಾತು, ಬಣ್ಣ ನೋಡಿಯೇ ವ್ಯಾಪಾರ.

ಹಿಂದಿನ ದಿನ ಕೊಲ್ಹಾಪುರದಿಂದ ಎಂಬತ್ತು ಚೀಲ ವಾಪಸ್ ಬಂದಿದ್ದವು.

"ಫೋಟೋದಾಗ ನೆತ್ತರದಂಗ ಕೆಂಪು, ಚೀಲದಾಗ ಬರೇ ಕಂದು!" ಅಂಗಳದಲ್ಲಿ ಹಮಾಲರೆಲ್ಲರ ಮುಂದೆ ಹಾಲೇಶಪ್ಪ ಕೂಗಾಡಿದ್ದ. "ನಲವತ್ತು ವರ್ಷದಾಗ ನನ್ನ ಅಂಗಡಿಗೆ ಯಾರೂ ಸುಳ್ಳ ಅಂದಿದ್ದಿಲ್ಲವಾ. ನಿನ್ನ ಕೈಯಿಂದ ಅನಿಸಿಕೊಂಡೆ. ಗುರುವಾರದ ಟೆಂಡರಿಗೆ ನೀ ಬರಬ್ಯಾಡ."

ಕಾಯಿ ಹರಾಜಾಗುವ ಆ ಗುರುವಾರ ಎಂದರೆ ನಾಳೆ.

'ನಾ ನೋಡಿದ ಬಣ್ಣಾನ ಕಳಿಸೇನಿ... ನಾ ಯಾಕ ಸುಳ್ಳ ಹೇಳ್ಲಿ?' ರಾತ್ರಿಯಿಡೀ ಅವಳಿಗೆ ಇದೇ ಮಾತು. ಬೆಳಗಾಗುವ ಹೊತ್ತಿಗೆ ಒಂದು ಉತ್ತರ ಸಿಕ್ಕಿತ್ತು. ಕಂಪ್ಯೂಟರ್ ರಿಪೇರಿಯಾದ ದಿನದಿಂದಲೇ ಪರದೆಯ ಬಣ್ಣ ಸಪ್ಪಗಾಗಿತ್ತು!

"ಒಳಗ ಬಂದು ನೋಡ್ಲೇನ್ರಿ? ಇಲ್ಲಾ ಇಲ್ಲೇ ನಿಂತು ಬೈಸ್ಕೊಳ್ಳಲೋ?" ಅವನ ದನಿಯಲ್ಲೂ ಈಗ ಕಾವಿತ್ತು.

ಅವಳು ಬಾಗಿಲು ಬಿಟ್ಟು ಸರಿದಳು.

ಅವನು ಕಂಪ್ಯೂಟರಿನ ಡಬ್ಬಿ ಬಿಚ್ಚಿ ಟಾರ್ಚ್ ಹಿಡಿದ. "ಬರ್ರಿ ಇಲ್ಲಿ. ಕಾರ್ಡ್ ತಗೀಬೇಕಂದ್ರ ಈ ಸ್ಕ್ರೂ ಬಿಚ್ಚಬೇಕು. ನೋಡ್ರಿ ಇದರ ಮ್ಯಾಲೆ ಏನೈತಿ."

ಕಾರ್ಡಿನ ಮೇಲೆ, ಸ್ಕ್ರೂವಿನ ತಲೆಯ ಮೇಲೆ, ವರ್ಷಗಟ್ಟಲೆಯ ಮೆಣಸಿನಕಾಯಿ ಧೂಳು ಕುಂಕುಮದ ಹಾಗೆ ಮೆತ್ತಿಕೊಂಡಿತ್ತು. ಯಾರ ಬೆರಳೂ ತಾಗಿದ ಗುರುತಿಲ್ಲ.

"ನಾ ತಗದಿದ್ರ ಈ ಧೂಳ ಹಿಂಗ ಇರತಿತ್ತೇನು? ಹನ್ನೊಂದು ವರ್ಷದ ಹಳೇ ಕಾರ್ಡ್ ಕದ್ದು ನಾ ಏನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲೇನು?"

ಪ್ರಿಯಾಂಕಾ ತನ್ನ ಫೋನಿನ ಕಡೆ ನೋಡಿದಳು. 'ಅಯ್ಯೋ... ಮುಂಜಾನೆನ ಗ್ರೂಪಿಗೆ ಹಾಕಿಬಿಟ್ಟೆನಲ್ಲ!' ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು... ಮೂರೂ ಊರಿನ ಅಂಗಡಿಕಾರರಿದ್ದ ವಾಟ್ಸಾಪ್ ಗ್ರೂಪು ಅದು. ಅಲ್ಲಿ ಅವಳು ಬರೆದಿದ್ದಳು: ಸಿದ್ದಲಿಂಗೇಶ ಒಳ್ಳೆಯ ಕಾರ್ಡ್ ಕದ್ದು ಕೆಟ್ಟದ್ದು ಹಾಕುವ ಮೋಸಗಾರ, ಯಾರೂ ಕೆಲಸ ಕೊಡಬೇಡಿ.

ಹೇಳಬೇಕೆಂದುಕೊಂಡಳು. ಬದಲಿಗೆ ಮತ್ತೆ ಸಿಟ್ಟೇ ಬಂತು.

"ಹಂಗಾರ ಬಣ್ಣ ಯಾಕ ಕೆಟ್ಟೈತಿ?"

"ಅದನ್ನ ನೋಡಾಕ ಬಂದೇನಿ. ಹೊಸಾ ಲಿನಕ್ಸ್ ಹಾಕ್ರಿ ಅಂತ ಫೋನಿನ್ಯಾಗ ನೀವ ಹೇಳಿದ್ರಿ. ಕಾರ್ಡ್ ನಡಸೋ ಪ್ರೋಗ್ರಾಮಿಗೆ ಡ್ರೈವರ್ ಅಂತಾರ; ಹಳೇ ಕಾರ್ಡಿಗೆ ಅದನ್ನ ಬರಿಯೋದು ಕಂಪನಿಯವರು ಎಂದೋ ಬಿಟ್ಟಾರ. ಮೊದ್ಲಿದ್ದ ಡ್ರೈವರ್ ಹೊಸಾ ಲಿನಕ್ಸ್‌ನ್ಯಾಗ ನಡೀಲಿಲ್ಲ, ಪರದೆ ಕರ್ರಗಾತು. ಅದಕ್ಕ ದೇಶ ದೇಶದ ಜನ ಕೂಡಿ ಬರದು ಪುಕ್ಕಟೆ ಕೊಡೋ ಡ್ರೈವರ್ ಹಾಕೇನಿ."

"ಪುಕ್ಕಟೆದ್ದು ಅಂದ ಮ್ಯಾಲೆ ಹಿಂಗ ಆಗೋದು!"

"ನಿಮ್ಮ ಲಿನಕ್ಸೂ ಪುಕ್ಕಟೆದ್ದ ಐತ್ರಿ. ಆರು ವರ್ಷ ಅದರ ಮ್ಯಾಲೆ ಕೆಲಸಾ ಮಾಡೀರಲ್ಲ!"

ಅವಳು ಕುರ್ಚಿ ಎಳೆದು ಅವನ ಎದುರಿಗೆ ಕುಳಿತಳು.

ಹತ್ತಾಯಿತು, ಹನ್ನೊಂದಾಯಿತು. ಅವನು ಲಿನಕ್ಸಿನ ಹಳೆಯ ಆವೃತ್ತಿಯಿಂದ ಶುರು ಮಾಡಿ ನೋಡಿದ. ಪರದೆ ಪೂರ್ತಿ ಕಪ್ಪಾಯಿತು.

"ಇದ್ದದ್ದೂ ಹೋತು!" ಎಂದು ಅವಳು ಚೀರಿದಳು. "ನನ್ನ ಹೊಟ್ಟಿ ಮ್ಯಾಲೆ ಹೊಡ್ಯಾಕ ಬಂದೀರೇನು ನೀವು?"

"ಸ್ವಲ್ಪ ಉಸಿರಾಡಾಕ ಬಿಡ್ರಿ!" ಅವನೂ ಗದರಿದ. ಮತ್ತೆ ಚಾಲೂ ಮಾಡಿ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳನ್ನು ಒಂದೊಂದಾಗಿ ಹೊಡೆದು ಎಲ್ಲವನ್ನೂ ಮರಳಿ ತಂದ. ಬಣ್ಣ ಮಾತ್ರ ಸಪ್ಪಗೇ ಇತ್ತು.

ಕೆಳಗಿನಿಂದ ಗುತ್ತೆವ್ವ ಕೂಗಿದಳು. "ಜಗಳ ಆಮ್ಯಾಲೆ ಆಡ್ರಿ, ರೊಟ್ಟಿ ಆರಾಕತ್ತಾವು. ತಮ್ಮಾ, ನೀನೂ ಬಾ. ಸಿಟ್ಟಿನಾಗ ಹಸಿವು ಹೆಚ್ಚಾಗತೈತಿ."

"ಬ್ಯಾಡ್ರಿ ಯವ್ವಾ. ನಿಮ್ಮ ಮಗಳು ಬೈದಿದ್ದಕ್ಕ ಹೊಟ್ಟಿ ತುಂಬೈತಿ."

ಗುತ್ತೆವ್ವ ಗೊಳ್ಳೆಂದು ನಕ್ಕಳು. ಪ್ರಿಯಾಂಕಾಳ ತುಟಿಯೂ ಅರೆಗಳಿಗೆ ಸಡಿಲವಾಯಿತು. ತಕ್ಷಣ ಮುಖ ಆಚೆ ತಿರುಗಿಸಿದಳು. 'ನಗಬಾರದು. ಇವನಿಂದ ನನ್ನ ಹೆಸರು ಹೋಗೈತಿ...'

ಮಧ್ಯಾಹ್ನ ಮಂಜು ಕರಗಿ ಕಿಟಕಿಯಲ್ಲಿ ಬಿಸಿಲು ಬಿತ್ತು. ಅವನು ಚೀಲದಿಂದ ನೀಲಿ ತುದಿಯ ಹಳೆಯ ವಯರೊಂದನ್ನು ತೆಗೆದ. ಹನ್ನೆರಡು ದಿನದ ಹಿಂದೆ ಪರದೆಗೆ ತಾನೇ ಹಾಕಿದ್ದ ಹೊಸ ವಯರ್ ಕಿತ್ತು, ಇದನ್ನು ಸಿಕ್ಕಿಸಿದ.

ಪರದೆ ಹೊತ್ತಿಕೊಂಡಿತು.

ಪ್ರಿಯಾಂಕಾ ಎದ್ದು ನಿಂತಳು. ಕೊಲ್ಹಾಪುರಕ್ಕೆ ಕಳಿಸಿದ ಅದೇ ಫೋಟೋ. ಆದರೆ ಆ ಕೆಂಪು! ಅಂಥ ಮೆಣಸಿನಕಾಯಿ ಭೂಮಿಯ ಮೇಲೆ ಬೆಳೆಯುವುದೇ ಇಲ್ಲ.

"ಇದು... ನಾ ಕಳಿಸಿದ್ದಾ?"

"ಹೌದ್ರಿ. ಪರದೆ ಸಪ್ಪಗ ತೋರಿಸ್ತಿತ್ತು. ಇಷ್ಟ ಕೆಂಪು ಸಾಲದು ಅಂತ ನೀವು ಮ್ಯಾಲ ಮ್ಯಾಲ ಏರಿಸೀರಿ. ಖರೀದಿ ಮಾಡೋರ ಪರದೆ ಮ್ಯಾಲೆ ಹಿಂಗ ಕಂಡೈತಿ."

ಅವಳು ಪರದೆಯ ಹತ್ತಿರ ಬಗ್ಗಿ ನೋಡಿದಳು. ಹಾಗಾದರೆ ಹಾಲೇಶಪ್ಪ ಕಾಕಾ ಕೂಗಾಡಿದ್ದು ಸುಳ್ಳಲ್ಲ...

"ಅಂದ್ರ... ಹೊಸಾ ವಯರ್ ಕೆಟ್ಟಿತ್ತೇನು?"

ಸಿದ್ದಲಿಂಗೇಶ ಕಿತ್ತಿಟ್ಟ ಹೊಸ ವಯರನ್ನು ಕೈಗೆತ್ತಿಕೊಂಡ.

ಹೂಂ ಎಂದಿದ್ದರೆ ಸಾಕಿತ್ತು. ವಯರ್ ಬದಲಿಸಿ, ಚೀಲ ಎತ್ತಿಕೊಂಡು, ನಿರ್ದೋಷಿಯಾಗಿ ಮೆಟ್ಟಿಲಿಳಿಯಬಹುದಿತ್ತು. ಅವಳು ನಂಬುತ್ತಿದ್ದಳು. ಮಾಳಿಗೆಯಲ್ಲಿ ಅವರಿಬ್ಬರನ್ನು ಬಿಟ್ಟರೆ ಮೇಲಿರುವವನೊಬ್ಬನೇ ಸಾಕ್ಷಿ.

"ಇಲ್ರಿ. ವಯರ್ ಛಲೋ ಐತಿ, ಕಾರ್ಡೂ ಛಲೋ ಐತಿ. ನಾ ಹಾಕಿದ ಡ್ರೈವರ್ ಆ ಹೊಸಾ ವಯರಿನ ಆಚಿಗೆ ಟಿವಿ ಐತಿ ಅಂತ ತಿಳಕೊಂಡು ಟಿವಿಗೆ ಸಾಲುವಷ್ಟ ಬಣ್ಣಾ ಬಿಟ್ಟು, ಉಳದದ್ದು ಬಿಗಿಹಿಡಿದಿತ್ತು. ಒಂದು ಸಾಲು ಬದಲಿ ಮಾಡಿದ್ರ ಸರಿ ಹೋಗತೈತಿ. ಅವತ್ತ ಮಾಡಬೇಕಿತ್ತು. ಪರದೆ ಹತ್ತಿತು, ಅಕ್ಷರಾ ಕಂಡ್ವು, ಸಾಕು ಅಂತ ಎದ್ದು ಹ್ವಾದೆ. ಬಣ್ಣದ ಮ್ಯಾಲೆ ಬದುಕೋ ಮನಿ ಇದು, ಬಣ್ಣಾನ ನೋಡ್ಲಿಲ್ಲ. ತಪ್ಪು ನಂದು."

ಪ್ರಿಯಾಂಕಾ ಅವನನ್ನೇ ನೋಡಿದಳು. ಅಂಗಳದಲ್ಲಿ, ಸಂತೆಯಲ್ಲಿ, ಮನೆಯಲ್ಲಿ ತಪ್ಪು ಬೇರೆಯವರ ಮೇಲೆ ಹಾಕಿ ಜಾರಿಕೊಳ್ಳುವ ಗಂಡಸರನ್ನೇ ಅವಳು ಕಂಡಿದ್ದಳು. ಇವನು...?

ಅವನು ಹೊಸ ವಯರನ್ನೇ ಮತ್ತೆ ಸಿಕ್ಕಿಸಿ, ಆ ಒಂದು ಸಾಲು ಹೊಡೆದ. ಪರದೆಯಲ್ಲಿ ಬೂದಾಗಿ ಕಾಣುತ್ತಿದ್ದ ನೆರಳು ಗಪ್ಪನೆ ಕಪ್ಪಾಯಿತು. ಎರಡೂ ವಯರಿನಲ್ಲಿ ಈಗ ಒಂದೇ ಬಣ್ಣ.

"ನಡೀರಿ, ನಿಮ್ಮ ಸಾವಕಾರರ ಮುಂದ ಇದನ್ನ ಹೇಳತೇನಿ."

ಹೇಳಿದ. ಹಮಾಲರು, ರೈತರು ನೆರೆದ ಅಂಗಳದಲ್ಲೇ ನಿಂತು ಹೇಳಿದ.

ಹಾಲೇಶಪ್ಪ ಸೊಂಟದ ಮೇಲೆ ಕೈಯಿಟ್ಟ. "ಅಲ್ಲೋ ತಮ್ಮಾ, ನಿನ್ನ ಒಂದು ಸಾಲಿಗೆ ನನ್ನ ಎಂಬತ್ತು ಚೀಲ ಕೊಲ್ಹಾಪುರದ ಅಂಬಾಬಾಯಿ ದರ್ಶನಾ ಮಾಡಿಕೊಂಡು ಬಂದ್ವಲ್ಲೋ!" ಆಮೇಲೆ ಪ್ರಿಯಾಂಕಾಳ ಕಡೆ ತಿರುಗಿದ. "ನಿನಗೂ ಹೇಳತೇನಿ ಕೇಳವಾ. ಈ ಊರಾಗ ಕಾಯಿ ಬಣ್ಣಾ ಹೆಂಗ ನೋಡತಾರ?"

"ಬಿಸಿಲಿಗೆ ತಂದು... ಕೈಯಾಗ ಹಿಡಿದು," ಅವಳು ತಲೆ ತಗ್ಗಿಸಿದಳು.

"ನೀ ಬಾಗಲಾ ಹಾಕ್ಕೊಂಡು ಪರದೆ ನೋಡಿದಿ. ನಾಳೆ ಬಾ. ಆದ್ರ ಕಾಯಿ ಮಗ್ಗಲಕ ಇಟ್ಕೊಂಡು ಬಣ್ಣಾ ಮಾಡು."

ಕೆಲಸ ಉಳಿಯಿತು, ಹೆಸರೂ ಉಳಿಯಿತು. ಕಣ್ಣು ತುಂಬಿಕೊಂಡು ಅವಳು ತಿರುಗಿದರೆ, ಸಿದ್ದಲಿಂಗೇಶ ತನ್ನ ಫೋನನ್ನೇ ನೋಡುತ್ತ ನಿಂತಿದ್ದ.

"ಬ್ಯಾಡಗಿಯವು ಎರಡು ಕಂಪ್ಯೂಟರ್ ನನ್ನ ಅಂಗಡ್ಯಾಗ ರಿಪೇರಿಗೆ ಇದ್ದವು," ಅವನು ಫೋನಿನಿಂದ ಕಣ್ಣೆತ್ತದೆ ಹೇಳಿದ. "ಎರಡೂ ಬಿಡಿಸಿಕೊಂಡು ಹೋಗ್ಯಾರಂತ. ಹಾವೇರಿ ಸಾಲಿ ಮಾಸ್ತರು ಬರಬ್ಯಾಡ ಅಂದಾರ. ಯಾಕ ಅಂತ ಈಗ ಗೊತ್ತಾತು."

ಪರದೆಯ ಮೇಲೆ ಅವಳದೇ ಮಾತು. ಕೆಳಗೆ ಅವಳದೇ ಹೆಸರು.

"ನಾ ಸಿಟ್ಟಿನಾಗ..."

"ಮೈಮರತೇನಿ ಖರೇ. ಮೈಮರತವ ಅಂತ ಊರೆಲ್ಲಾ ಡಂಗುರಾ ಸಾರ್ರಿ, ಒಪ್ಕೋತೇನಿ. ಮೋಸಗಾರ ಅಂತ ಯಾಕ ಬರದ್ರಿ? ಆ ಧೂಳ ನೋಡಿದ ಮ್ಯಾಲೂ ಯಾಕ ಅಳಸಲಿಲ್ಲ? ಮಧ್ಯಾಹ್ನದ ತನಕ ನನ್ನ ಎದುರಿಗೆ ಕುಂತಿದ್ರಲ್ಲ!"

ಅವನು ರಿಪೇರಿಯ ದುಡ್ಡನ್ನೂ ಮುಟ್ಟದೆ ಸ್ಟೇಷನ್ನಿನ ಕಡೆ ನಡೆದುಬಿಟ್ಟ.

ಅಂದೇ ಅವಳು ಗ್ರೂಪಿನಲ್ಲಿ ತಪ್ಪೊಪ್ಪಿ ಬರೆದಳು. ಇಬ್ಬರು ಕೈಮುಗಿದ ಚಿತ್ರ ಹಾಕಿದರು, ಅಷ್ಟೇ. ಬೈಗುಳ ಓದಿದಷ್ಟು ಜನ ಕ್ಷಮೆ ಓದಲಿಲ್ಲ.

ಫೋನ್ ಮಾಡಿದಳು. ಎತ್ತಲಿಲ್ಲ. ಮರುದಿನವೂ ಇಲ್ಲ. ಹತ್ತು ದಿನ! ಸಂಜೆ ಅವ್ವ ದೇವರಿಗೆ ದೀಪ ಹಚ್ಚುವಾಗ ಕಣ್ಣು ಮುಚ್ಚಿ ಕುಳಿತರೆ, ಒಳಗೆ ಅದೇ ದನಿ... 'ತಪ್ಪು ನಂದು.' ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲಾಮೇಲೆ ಆ ದನಿ ಕೇಳದಿದ್ದರೆ ಮನಸ್ಸಿಗೆ ನೆಮ್ಮದಿಯೇ ಇಲ್ಲದಂತಾಯಿತು. 'ಇದೇನು ನನಗ...?'

ಹನ್ನೊಂದನೆಯ ದಿನ ಅವಳು ಮುಮ್ತಾಜಬಿಯ ಝೆರಾಕ್ಸ್ ಅಂಗಡಿಗೆ ಹೋದಳು; ಅವನಿಂದ ಕಂಪ್ಯೂಟರ್ ಬಿಡಿಸಿಕೊಂಡು ಬಂದಿದ್ದ ಇಬ್ಬರಲ್ಲಿ ಇವಳೊಬ್ಬಳು.

"ಮೊಬೈಲಿನ್ಯಾಗ ಬೈದಿ, ಈಗ ಬಾಯಿಲೆ ಹೊಗಳಾಕ ಬಂದೀಯೇನವಾ?" ಮುಮ್ತಾಜಬಿ ಕೈ ತಿರುವಿದಳು.

"ಹೌದು ಖಾಲಾ. ಬೈದಾಕಿ ನಾನ, ಹೊಗಳಾಕಿನೂ ನಾನ. ತನ್ನ ತಪ್ಪು ತಾನ ಹೇಳಿದ ಮನಿಶಾ ಅಂವ. ನಿಮ್ಮ ಕಂಪ್ಯೂಟರ್ ನನ್ನ ಕೈಯಾಗ ಕೊಡ್ರಿ, ಕೆಟ್ಟರ ನಾ ಜವಾಬ್ದಾರಿ."

"ಅರೆ! ಇಷ್ಟು ಜೋರಿಲೆ ವಕಾಲತ್ತು ಯಾರೂ ಸುಮ್ಮ ಮಾಡಂಗಿಲ್ಲ..." ಮುಮ್ತಾಜಬಿ ಕಣ್ಣು ಕಿರಿದಾಗಿಸಿ ನಕ್ಕಳು. ಪ್ರಿಯಾಂಕಾಳ ಕಿವಿ ಕೆಂಪಾದವು.

ಇನ್ನೊಬ್ಬ, ಬೀಜದ ಅಂಗಡಿಯ ಸುನೀಲಕುಮಾರನ ಎದುರು ಒಂದು ತಾಸು ನಿಂತಳು. ಅವನೂ ಕೊನೆಗೆ ಹೂಂ ಎಂದ.

ಕುತುಬುದ್ದೀನನ ಬಾಡಿಗೆ ಟಂಟಂ ರಿಕ್ಷಾದಲ್ಲಿ ಅವಳು ರಾಣೇಬೆನ್ನೂರು ಮುಟ್ಟಿದಾಗ ನಡುಮಧ್ಯಾಹ್ನ. ಅಂಗಡಿಯಲ್ಲಿ ಸಿದ್ದಲಿಂಗೇಶ ಒಬ್ಬನೇ. ಮೇಜು ಖಾಲಿ.

ಅವಳನ್ನು ನೋಡಿ ಅವನ ಹುಬ್ಬು ಗಂಟಿಕ್ಕಿತು. "ಮತ್ತೇನ್ ಕೆಟ್ಟೈತ್ರಿ?"

"ನನ್ನ ಬಾಯಿ."

"ಅದಕ್ಕ ನನ್ನ ಕಡೆ ಸಾಮಾನಿಲ್ಲ."

"ಹತ್ತು ದಿನಾ ಫೋನ್ ಯಾಕ ಎತ್ತಲಿಲ್ಲ?" ಕ್ಷಮೆ ಕೇಳಲೆಂದೇ ಬಂದವಳಿಗೆ ಸಿಟ್ಟೇ ಮುಂದೆ ಬಂತು! "ಇನ್ನೊಂದು ಸಲಾ ಬೈದಿದ್ರ ಕೇಳಿಸಿಕೊತಿದ್ದೆ. ಸುಮ್ಮನಿದ್ರ... ಸುಮ್ಮನಿದ್ರ ನಾ ಏನ್ ಮಾಡ್ಲಿ? ಊಟಾ ಸೇರವಲ್ದು, ನಿದ್ದಿ ಹತ್ತವಲ್ದು!"

ಅವನು ಎದ್ದು ನಿಂತ.

"ಎತ್ತಿದ್ರ ನಿಮ್ಮ ದನಿ ಕೇಳಿ ಸಿಟ್ಟು ಹೋಗಿಬಿಡತಿತ್ತು. ಸಿಟ್ಟು ಹೋದ ಮ್ಯಾಲೆ ಒಳಗ ಏನ್ ಉಳೀತೈತಿ ಅಂತ ನನಗ ಗೊತ್ತಿತ್ತು. ಅದಕ್ಕ ಅಂಜಿದ್ದೆ."

"ಏನ್... ಏನ್ ಉಳೀತೈತಿ?"

"ನೀವ."

ಬೀದಿಯ ಗದ್ದಲವೆಲ್ಲ ಒಮ್ಮೆಲೇ ದೂರ ಹೋದಂತಾಯಿತು. ಪ್ರಿಯಾಂಕಾ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು.

"ನನ್ನೊಳಗೂ ಬ್ಯಾರೆ ಏನೂ ಉಳದಿಲ್ಲ," ಎಂದಳು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

"ಅವ್ವಾರು ಏನಂತಾರ?"

"ರೊಟ್ಟಿ ತಿನ್ನದ ಹ್ವಾದ ಅಂತ ಇನ್ನೂ ಬೈಯಾಕತ್ತಾಳ. ಬರ್ರಿ. ಬಂದು ತಿಂದು ಆಮ್ಯಾಲೆ ಕೇಳ್ರಿ."

ಅವನು ಮೊದಲ ಸಲ ನಕ್ಕ. ಆ ನಗೆಯನ್ನು ನೋಡುತ್ತ ನಿಲ್ಲಬೇಕೆನಿಸಿದರೂ ಅವಳು ನಿಲ್ಲಲಿಲ್ಲ. ಹೊರಗೆ ಹೋಗಿ, ಟಂಟಂನಿಂದ ಸುನೀಲಕುಮಾರನ ಕಂಪ್ಯೂಟರ್ ಹೊತ್ತು ತಂದು ಖಾಲಿ ಮೇಜಿನ ಮೇಲಿಟ್ಟಳು. ಮತ್ತೆ ಹೋದಳು. ಮುಮ್ತಾಜಬಿಯದನ್ನು ಎದೆಗೊತ್ತಿ ತಂದು, ಅವನ ಎರಡೂ ಕೈಗಳಲ್ಲಿ ಕೊಟ್ಟಳು.