ಹದಿನಾಲ್ಕು ಅಡಿಯ ವೀಣೆ

“ವೀಣೆ ಮಾರಾಟಕ್ಕಿದೆ. ಉದ್ದ ಹದಿನಾಲ್ಕು ಅಡಿ. ನಾಲ್ಕು ಜನ ಆರಾಮವಾಗಿ ಕೂರಬಹುದು. ಸೋರುವುದಿಲ್ಲ.”

ಭಾನುವಾರದ ಪೇಪರನ್ನು ನನ್ನ ಮೇಜಿನ ಮೇಲೆ ಹರಡಿ ಆತ ಗಟ್ಟಿಯಾಗಿ ಓದಿದ. “ಏನ್ರೀ ಇದು?”

“ನೀವು ಫೋನಲ್ಲಿ ವೀಣೆ ಅಂದ್ರಿ,” ಎಂದೆ. ತಪ್ಪು ನನ್ನದೇ ಎಂದು ಆಗಲೇ ಗೊತ್ತಾಗಿತ್ತು. ಆದರೆ ಅಷ್ಟು ಬೇಗ ಸೋಲೊಪ್ಪುವ ಜಾಯಮಾನ ನನ್ನದಲ್ಲ.

“ದೋಣಿ ಅಂದೆ! ನೀರ್ ಮೇಲೆ ಹೋಗುತ್ತಲ್ಲ, ಅದು. ನಿನ್ನೆಯಿಂದ ಹನ್ನೊಂದು ಜನ ಹೆಂಗಸ್ರು ಫೋನ್ ಮಾಡಿದ್ದಾರೆ. ಒಬ್ರಂತೂ, ನಾಲ್ಕು ಜನ ಒಟ್ಟಿಗೆ ಕೂತು ನುಡಿಸೋದಾ ಅಂತ ಕೇಳಿದ್ರು.”

ನಗು ಉಕ್ಕಿತು. ರಶೀದಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದೆ. ಅದರ ಅಂಚಿನಿಂದ ನೋಡಿದರೆ, ಜಗಳಕ್ಕೆಂದೇ ಬಂದವನು ತುಟಿ ಕಚ್ಚಿಕೊಂಡು ನಿಂತಿದ್ದ. ಇಬ್ಬರೂ ಒಟ್ಟಿಗೇ ನಕ್ಕುಬಿಟ್ಟೆವು.

ಇದು ತೊಂಬತ್ತೊಂಬತ್ತರ ಮಾತು. ನಾನು ಬಿಂದುಶ್ರೀ, ಶಂಕರಪುರದಲ್ಲಿ ಗಂಗಾಧರಯ್ಯನವರ ಜಾಹೀರಾತು ಏಜೆನ್ಸಿಯಲ್ಲಿ ಕೆಲಸಕ್ಕಿದ್ದೆ. ಬಾಡಿಗೆ ಮನೆ, ಹಳೇ ಸ್ಕೂಟರ್, ಟ್ಯೂಷನ್, ಇಂಥ ಜಾಹೀರಾತುಗಳನ್ನೆಲ್ಲ ಬರೆದುಕೊಂಡು ಪೇಪರಿಗೆ ಕಳಿಸುವುದು ನನ್ನ ಕೆಲಸ. ಮೂರು ಮನೆಗೊಂದು ಸಂಗೀತ ಪಾಠ ನಡೆಯುವ ಬೀದಿಯಲ್ಲಿ ಕೂತವಳ ಕಿವಿಗೆ ವೀಣೆ ಎಂದೇ ಕೇಳಿಸುತ್ತದೆ. ದೋಣಿ ಹೇಗೆ ಕೇಳಿಸಬೇಕು, ನೀವೇ ಹೇಳಿ.

ಅವನ ಹೆಸರು ಶಿವಶಂಕರ್. ಮಾಮೂಲ್‌ಪೇಟೆಯಲ್ಲಿ ಪೈಪಿನ ಅಂಗಡಿ, ಮನೆ ಚಾಮರಾಜಪೇಟೆಯಲ್ಲಿ. ಅವನ ಅಪ್ಪ ಹೊಸಕೋಟೆ ಕಡೆಯ ಒಂದು ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಮಾಡಿದ್ದರಂತೆ. ಕೆರೆ ಬತ್ತಿತು, ದೋಣಿ ಲಾರಿ ಹತ್ತಿ ಅವರ ಹಿತ್ತಲಿಗೆ ಬಂತು.

“ಅಲ್ಲೊಂದು ರೂಮ್ ಕಟ್ಟಿಸ್ಬೇಕು. ದೋಣಿ ಹೋಗದೆ ಪಾಯ ತೆಗೆಯೋ ಹಾಗಿಲ್ಲ. ಅಜ್ಜಿ ದಿನಾ ಬೈತಾರೆ,” ಎಂದ.

ಮುಂದಿನ ಭಾನುವಾರಕ್ಕೆ ತಪ್ಪು ತಿದ್ದಿ, ಪುಕ್ಕಟೆಯಾಗಿ ಹಾಕಿಸಿಕೊಟ್ಟೆ.

ಅದಾದ ಗುರುವಾರ ಮತ್ತೆ ಬಂದ.

“ಮಾರಾಟ ಆಗ್ಲಿಲ್ವಾ?”

“ಇಲ್ಲ,” ಎಂದ, ನನ್ನನ್ನು ಬಿಟ್ಟು ಗೋಡೆಯ ಕ್ಯಾಲೆಂಡರ್ ನೋಡುತ್ತಾ. “ಇನ್ನೊಂದ್ಸಲ ಹಾಕಿ.”

ಹೀಗೆ ಪ್ರತಿ ಗುರುವಾರ, ನಾಲ್ಕು ಗಂಟೆಗೆ ಸರಿಯಾಗಿ. ಮೂರೂವರೆಗೆ ನಾನು ಜಡೆ ಸರಿಮಾಡಿಕೊಳ್ಳುತ್ತಿದ್ದೆ. ಪೆನ್ನಿನ ತುದಿಯಲ್ಲಿ ಪದ ಎಣಿಸುವಾಗ ಅವನ ಕಣ್ಣು ಮೊದಲು ಪೆನ್ನನ್ನು, ಆಮೇಲೆ ಬಳೆಯನ್ನು, ಆಮೇಲೆ ನನ್ನ ಮುಖವನ್ನು ಮುಟ್ಟುತ್ತಿತ್ತು. ತಲೆ ಎತ್ತಿದರೆ ಮತ್ತೆ ಕ್ಯಾಲೆಂಡರ್.

“ಇನ್ನೊಂದು ಪದ ಸೇರ್ಸಿ.”

“ಯಾವ್ದು?”

“ಒಂಟಿಯಾಗಿದೆ ಅಂತ.”

“ದೋಣೀನಾ?”

“ಮತ್ತೆ ಯಾರು?” ಎಂದು ಎಷ್ಟು ಮುಗ್ಧನಾಗಿ ಕೇಳಿದನೆಂದರೆ, ನನ್ನ ಕೆನ್ನೆ ಕಾದುಹೋಯಿತು. ಒಳಗೆ ಗಂಗಾಧರಯ್ಯನವರು ಸುಮ್ಮಸುಮ್ಮನೆ ಕೆಮ್ಮಿದರು.

ಈಗ ನನ್ನ ಕಳ್ಳತನ ಹೇಳಿಬಿಡುತ್ತೇನೆ. ದೋಣಿ ಮಾರಿಹೋದರೆ ಅವನು ಬರುವುದಿಲ್ಲ ಎಂಬುದು ಎರಡನೇ ಗುರುವಾರವೇ ನನಗೆ ಹೊಳೆದಿತ್ತು. ಅವನು ಅತ್ತ ಹೋದ ಮೇಲೆ ಫಾರಂ ಎಳೆದುಕೊಂಡು ‘ಹಳೆಯ’ ಎಂದು ಸೇರಿಸಿದೆ. ಮರುವಾರ ‘ಬಣ್ಣ ಮಾಸಿದೆ’. ಅದರ ಮರುವಾರ, ದೇವರು ಕ್ಷಮಿಸಲಿ, ‘ಸ್ವಲ್ಪ ವಾಲುತ್ತದೆ’.

ಆರನೇ ಗುರುವಾರ ಅವನು ಎಂದಿನಂತೆ ತಮಾಷೆ ಮಾಡಲಿಲ್ಲ. “ಅಜ್ಜಿ ನನ್ಜೊತೆ ಮಾತೇ ಬಿಟ್ಟಿದ್ದಾರೆ,” ಎಂದ. ನನ್ನ ಆಸೆಗೆ ಒಂದು ಮನೆಯ ಕೆಲಸ ನಿಂತಿದೆ, ವಯಸ್ಸಾದವರು ನೊಂದಿದ್ದಾರೆ. ಅವತ್ತು ರಾತ್ರಿ ಊಟ ಸೇರಲಿಲ್ಲ.

ಮಾರನೆಯ ದಿನವೇ, ಕನಕಪುರ ರಸ್ತೆಯಲ್ಲಿ ತೋಟ ಮಾಡಿದ್ದ ಮಲ್ಲಿಕಾರ್ಜುನಯ್ಯನವರು ಜಾಹೀರಾತು ಕೊಡಲು ಬಂದರು. ತೋಟದಲ್ಲಿ ದೊಡ್ಡ ಕೊಳವಿದೆ, ಪಿಕ್‌ನಿಕ್‌ಗೆ ಜನ ಬರುತ್ತಾರೆ ಎಂದರು. ನನ್ನ ಬಾಯಿಯೇ ನನಗೆ ಶತ್ರುವಾಯಿತು. “ಸಾರ್, ನಿಮಗೆ ದೋಣಿ ಬೇಕಾ?”

ಶನಿವಾರ ಸಂಜೆ, ಫಾರಂನಲ್ಲಿದ್ದ ವಿಳಾಸ ಹಿಡಿದು ನಾನೂ ಮಲ್ಲಿಕಾರ್ಜುನಯ್ಯನವರೂ ಆಟೋದಲ್ಲಿ ಚಾಮರಾಜಪೇಟೆಗೆ ಹೊರಟೆವು. ಅವನ ಮನೆ ನೋಡುತ್ತೇನೆ ಎಂಬ ಸಂಭ್ರಮ, ಇನ್ನು ಗುರುವಾರಗಳಿಲ್ಲ ಎಂಬ ಸಂಕಟ, ಎರಡೂ ಒಟ್ಟಿಗೆ. ದಾರಿಯುದ್ದಕ್ಕೂ ನಾನೇ ದೋಣಿಯನ್ನು ಹೊಗಳಿದೆ. ಒಂದು ಚೂರೂ ವಾಲುವುದಿಲ್ಲ ಎಂದು ಆಣೆ ಮಾಡಿದೆ.

ಜಗುಲಿಯ ಮೇಲೆ ಅಜ್ಜಿ ಪಿಳ್ಳಮ್ಮ ಸೊಪ್ಪು ಬಿಡಿಸುತ್ತಿದ್ದರು.

“ದೋಣೀನಾ? ಅದು ಹೋಗಿ ಆರು ವಾರ ಆಗ್ತಾ ಬಂತಲ್ಲವ್ವಾ!”

ಹಿತ್ತಲಿಗೆ ಓಡಿದೆ. ದೋಣಿ ಇರಬೇಕಾದ ಜಾಗದಲ್ಲಿ ಕಿಟಕಿಯ ಎತ್ತರಕ್ಕೆ ಹೊಸ ಗೋಡೆ ಎದ್ದಿತ್ತು.

“ಏನಮ್ಮ, ಇಲ್ದೇ ಇರೋ ದೋಣಿ ತೋರ್ಸೋಕೆ ಕರ್ಕೊಂಡ್ ಬಂದ್ಯಾ?” ಎಂದರು ಮಲ್ಲಿಕಾರ್ಜುನಯ್ಯ.

ಅಷ್ಟರಲ್ಲಿ ಅಂಗಡಿಯಿಂದ ಬಂದ ಶಿವಶಂಕರ್, ನನ್ನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

“ಯಾವಾಗ ಮಾರಿದ್ರಿ?” ಎಂದೆ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು.

“ನೀವು ತಿದ್ದಿ ಹಾಕಿದ್ರಲ್ಲ, ಅವತ್ತೇ.”

“ಮತ್ತೆ ಇಷ್ಟು ವಾರ ನನ್ನ ಮುಂದೆ ಕೂತು ಸುಳ್ಳು ಹೇಳಿದ್ದು?”

“ಗುರುವಾರ ನಿಮ್ಮನ್ನ ನೋಡೋಕೆ ಬೇರೆ ಏನ್ ನೆಪ ಇತ್ರೀ ನನಗೆ?” ಅವನು ಈ ಸಲ ಬೇರೆಲ್ಲೂ ನೋಡಲಿಲ್ಲ. “ಹೇಳ್ಬಿಡೋಣ ಅಂತ ಬರ್ತಿದ್ದೆ, ಪದ ಸೇರ್ಸಿ ಹೋಗ್ತಿದ್ದೆ. ಅದಕ್ಕೇ ಅಜ್ಜಿ ನನ್ಜೊತೆ ಮಾತು ಬಿಟ್ಟಿದ್ದು. ನೀವಂದ್ರೆ ನನಗೆ ಅಷ್ಟು ಇಷ್ಟ.”

ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಕಿವಿಯವರೆಗೂ ಸಂತೋಷ ಏರಿತು.

“ನಾನೂ ಒಂದು ತಪ್ಪು ಮಾಡಿದ್ದೀನಿ,” ಎಂದೆ. “ನಿಮ್ಮ ಜಾಹೀರಾತಿಗೆ...”

“ಗೊತ್ತು. ಪ್ರತಿ ಭಾನುವಾರ ಓದ್ತಿದ್ದೆ. ‘ಸ್ವಲ್ಪ ವಾಲುತ್ತದೆ’ ಅಂತ ನೋಡಿದ್ಮೇಲೇ ನನಗೆ ಆಸೆ ಹುಟ್ಟಿದ್ದು.”

ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮಲ್ಲಿಕಾರ್ಜುನಯ್ಯನವರು ಅರ್ಥವಾದವರಂತೆ ಹೊರಗೆ ನಿಂತಿದ್ದ ಆಟೋದ ಕಡೆ ನಡೆದರು.

“ಈ ಗುರುವಾರ ಬರ್ಲಾ?” ಅವನು ಮೆಲ್ಲಗೆ ಕೇಳಿದ.

“ಬೇಡ. ನಾಳೆ ಭಾನುವಾರ, ಮನೆಗೇ ಬನ್ನಿ. ಅಪ್ಪ ಇರ್ತಾರೆ.”

ಅವನು ಉತ್ತರಿಸುವ ಮೊದಲೇ ಜಗುಲಿಯಿಂದ ಅಜ್ಜಿಯ ದನಿ ಬಂತು.

“ಅವನೊಬ್ಬನ್ನೇ ಕರೆದ್ರೆ ಇನ್ನೂ ಆರು ವಾರ ತಗೋತಾನೆ ಕಣವ್ವಾ. ನಾನೂ ಬರ್ತೀನಿ.”